ಮೋಟಾರಿನ ಪ್ರತ್ಯುತ್ತರ

ಅಂಗೈಯಗಲದ ಆರ್ಡುಯಿನೊ ಊನೊ ಬೋರ್ಡಿನ ಒಂದು ಪಿನ್ನಿನಿಂದ ನಿಶ್ಚಿಂತೆಯಾಗಿ ಪಡೆಯಬಹುದಾದ ವಿದ್ಯುತ್ಪ್ರವಾಹವು ಸುಮಾರು 20 ಮಿಲಿಆಂಪಿಯರು. 40 ಅದರ ಪರಮಾವಧಿ. ಹವ್ಯಾಸಿಗಳ ಪುಟ್ಟ ರೋಬಾಟುಗಳಲ್ಲಿ ಸರ್ವತ್ರ ಕಾಣಸಿಗುವ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿ.ಓ. ಮೋಟಾರೆಂಬ ಹೆಸರಿನಿಂದ ಕೇಳಿ ಪಡೆಯಬಹುದಾದ, ಹಳದಿ ಪ್ಲಾಸ್ಟಿಕ್ ಕವಚದೊಳಗೆ 48ಕ್ಕೆ 1ರ ಗಿಯರುಗಳನ್ನು ಅಡಗಿಸಿಕೊಂಡಿರುವ ಆ ಮೋಟಾರಾದರೋ, 6 ವೋಲ್ಟಿನಲ್ಲಿ ಯಾವ ಹೊರೆಯೂ ಇಲ್ಲದೆ ತಿರುಗುವಾಗಲೇ ಸುಮಾರು 160 ಮಿಲಿಆಂಪಿಯರನ್ನು ಬೇಡುತ್ತದೆ. ಅದರ ಚಕ್ರವನ್ನು ಬಿಗಿಹಿಡಿದು ನಿಲ್ಲಿಸಿದೆವಾದರೆ ಆ ಬೇಡಿಕೆಯು ಸುಮಾರು ಒಂದೂವರೆ ಆಂಪಿಯರಿನವರೆಗೆ ಏರುತ್ತದೆ. ಆಲೋಚಿಸುವ ಅಂಗಕ್ಕೂ ದುಡಿಯುವ ಅಂಗಕ್ಕೂ ನಡುವೆ ಇರತಕ್ಕ ಈ ಅಗಾಧ ಅಂತರವನ್ನು ತುಂಬುವುದಕ್ಕಾಗಿಯೇ ಮೋಟಾರು ನಿಯಂತ್ರಕವೆಂಬ ಉಪಕರಣವು ಹುಟ್ಟಿಕೊಂಡಿತು.

ಹೊಸಬರು ಈ ಉಪಕರಣವನ್ನು ದುರ್ಬಲವಾದ ಆಜ್ಞೆಯನ್ನು ಪ್ರಬಲವಾದ ಪ್ರವಾಹವನ್ನಾಗಿ ಮಾರ್ಪಡಿಸುವ ವರ್ಧಕವೆಂದಷ್ಟೇ ತಿಳಿಯುತ್ತಾರೆ. ಆ ತಿಳಿವಳಿಕೆಯಲ್ಲಿ ತಪ್ಪೇನೂ ಇಲ್ಲವಾದರೂ ಅದು ಅರ್ಧದಷ್ಟು ಮಾತ್ರ. ಮೋಟಾರು ಆಜ್ಞೆಯನ್ನು ಸ್ವೀಕರಿಸಿ ಸುಮ್ಮನಿರುವ ಯಂತ್ರವಲ್ಲ. ಅದು ತಿರುಗಲಾರಂಭಿಸಿದ ಒಡನೆಯೇ ತಾನೂ ಒಂದು ವಿದ್ಯುಜ್ಜನಕವಾಗಿ, ತನಗೆ ಬಂದ ವೋಲ್ಟೇಜಿಗೆ ಎದುರಾಗಿ ತನ್ನದೊಂದು ವೋಲ್ಟೇಜನ್ನು ಒಡ್ಡುತ್ತದೆ. ನಿಯಂತ್ರಕದ ಮೇಲೆ ಡಯೋಡುಗಳು ಏಕಿವೆ, ತಂತಿಗಳನ್ನು ಇಂಥ ರೀತಿಯಲ್ಲಿಯೇ ಏಕೆ ಜೋಡಿಸಬೇಕು, ದಿಕ್ಕನ್ನು ಥಟ್ಟನೆ ಬದಲಿಸಬಾರದೇಕೆ ಎಂಬ ಪ್ರಶ್ನೆಗಳಲ್ಲಿ ಬಹುಪಾಲಿಗೆ ಸಮಾಧಾನವು ದೊರೆಯುವುದು ಮೋಟಾರಿನ ಈ ಪ್ರತ್ಯುತ್ತರವನ್ನು ಅರಿತುಕೊಂಡಾಗಲೇ. ಅದನ್ನು ಅರಿಯದೆ ಚಿತ್ರವನ್ನು ನೋಡಿ ತಂತಿ ಜೋಡಿಸುವ ವಿದ್ಯಾರ್ಥಿಯು ಒಂದು ರೋಬಾಟನ್ನು ಓಡಿಸಬಲ್ಲನಾದರೂ, ಅದು ನಿಂತುಹೋದ ದಿನ ಕಾರಣವನ್ನು ಹುಡುಕಲಾರನು.

ವಿದ್ಯುಜ್ಜನಕವೂ ಮೋಟಾರೂ ಒಂದೇ ಯಂತ್ರದ ಎರಡು ವೃತ್ತಿಗಳೆಂಬುದು ಮನುಷ್ಯನಿಗೆ ಮನವರಿಕೆಯಾಗಲು ಬಹುಕಾಲ ಹಿಡಿಯಿತು. ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ನಿರಂತರವಾಗಿ ಸುತ್ತುವುದನ್ನು ಮೈಕೇಲ್ ಫ್ಯಾರಡೆಯು 1821ರಲ್ಲಿ ತೋರಿಸಿದನು. ಕಾಂತಕ್ಷೇತ್ರವು ಬದಲಾದಾಗ ತಂತಿಯಲ್ಲಿ ವಿದ್ಯುತ್ತು ಪ್ರೇರಿತವಾಗುವುದನ್ನು ಅವನೇ ಹತ್ತು ವರ್ಷಗಳ ತರುವಾಯ, 1831ರಲ್ಲಿ, ಕಂಡುಹಿಡಿದನು. ಹೀಗೆ ಪ್ರೇರಿತವಾದ ವಿದ್ಯುತ್ತು ತನ್ನ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನೇ ವಿರೋಧಿಸುವ ದಿಕ್ಕಿನಲ್ಲಿರುತ್ತದೆಂಬ ನಿಯಮವನ್ನು ಹೈನ್ರಿಕ್ ಲೆಂಜನು 1834ರಲ್ಲಿ ಪ್ರತಿಪಾದಿಸಿದನು. ಆದರೂ 1873ರಲ್ಲಿ ವಿಯೆನ್ನಾ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಗ್ರಾಮ್ ಎಂಬ ಯಂತ್ರನಿರ್ಮಾಪಕನ ಒಂದು ವಿದ್ಯುಜ್ಜನಕದಿಂದ ಹೊರಟ ಪ್ರವಾಹವು ಅಂಥದೇ ಇನ್ನೊಂದು ಯಂತ್ರವನ್ನು ಮೋಟಾರಾಗಿ ತಿರುಗಿಸಿ ತೋರಿಸಿದಾಗಲೇ ಈ ಏಕತ್ವವು ಕೈಗಾರಿಕೆಯ ಲೋಕದ ಕಣ್ಣಿಗೆ ಸ್ಪಷ್ಟವಾಗಿ ಬಿದ್ದುದು.

ನಮ್ಮ ಹಳದಿ ಮೋಟಾರಿನ ಅಂಕಿಗಳಲ್ಲಿಯೇ ಈ ತತ್ತ್ವವನ್ನು ಓದಿಕೊಳ್ಳಬಹುದು. ನಿಂತಿರುವ ಮೋಟಾರು ಯಾವ ಪ್ರತ್ಯುತ್ತರವನ್ನೂ ಕೊಡದು. ಆಗ ಅದು ಕೇವಲ ತಾಮ್ರದ ತಂತಿಯ ಸುರುಳಿ. 6 ವೋಲ್ಟಿಗೆ ಒಂದೂವರೆ ಆಂಪಿಯರು ಹರಿಯಿತೆಂದರೆ ಆ ಸುರುಳಿಯ ರೋಧವು 4 ಓಮ್ ಎಂದಾಯಿತು. ಅದೇ ಮೋಟಾರು ಸ್ವಚ್ಛಂದವಾಗಿ ತಿರುಗುವಾಗ ಹರಿಯುವುದು 0.16 ಆಂಪಿಯರು ಮಾತ್ರವಾದುದರಿಂದ, ರೋಧವನ್ನು ದಾಟಲು ವ್ಯಯವಾಗುವುದು 0.64 ವೋಲ್ಟು, ಉಳಿದ 5.36 ವೋಲ್ಟನ್ನು ಸರಿತೂಗಿಸುತ್ತಿರುವುದು ಮೋಟಾರು ತಾನೇ ಉತ್ಪಾದಿಸಿದ, ಹಿಮ್ಮುಖ ವಿದ್ಯುಚ್ಚಾಲಕ ಬಲವೆಂದು ಕರೆಯಲ್ಪಡುವ ವೋಲ್ಟೇಜು. ಈಗ, ಪೂರ್ಣವೇಗದಲ್ಲಿ ಮುಂದಕ್ಕೆ ಓಡುತ್ತಿರುವ ರೋಬಾಟಿಗೆ ಒಮ್ಮೆಲೇ ಹಿಂದಕ್ಕೆ ತಿರುಗೆಂದು ಆಜ್ಞಾಪಿಸಿದೆವೆನ್ನೋಣ. ಚಕ್ರವಿನ್ನೂ ಮುಂದಕ್ಕೇ ತಿರುಗುತ್ತಿರುವುದರಿಂದ, ಅದುವರೆಗೆ ಬ್ಯಾಟರಿಗೆ ಎದುರಾಗಿದ್ದ 5.36 ವೋಲ್ಟು ಇದೀಗ ಬ್ಯಾಟರಿಯ 6 ವೋಲ್ಟಿನೊಡನೆ ಕೂಡಿಕೊಳ್ಳುತ್ತದೆ, 11.36 ವೋಲ್ಟು 4 ಓಮಿನ ಸುರುಳಿಯ ಮೇಲೆ ಬಿದ್ದು, ಬ್ಯಾಟರಿಯಲ್ಲಿಯೂ ನಿಯಂತ್ರಕದಲ್ಲಿಯೂ ಆಗುವ ನಷ್ಟಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 2.8 ಆಂಪಿಯರಿಗೂ ಮಿಕ್ಕ ಪ್ರವಾಹವು ಹರಿಯುತ್ತದೆ. ಬಿಗಿಹಿಡಿದು ನಿಲ್ಲಿಸಿದ ಮೋಟಾರು ಬೇಡುವ ಪ್ರವಾಹವೇ ಗರಿಷ್ಠವೆಂದು ನಂಬಿ ನಿಯಂತ್ರಕವನ್ನು ಆರಿಸಿಕೊಂಡವರಿಗೆ ಅದರ ಹತ್ತಿರ ಹತ್ತಿರ ಇಮ್ಮಡಿಯು ಹೀಗೆ ಅನಿರೀಕ್ಷಿತವಾಗಿ ಎದುರಾಗುತ್ತದೆ.

ದಿಕ್ಕನ್ನು ಬದಲಿಸುವ ಕಾರ್ಯವು ನಡೆಯುವುದು ನಾಲ್ಕು ಸ್ವಿಚ್ಚುಗಳ ಒಂದು ಸೇತುವೆಯಿಂದ. ಮೋಟಾರಿನ ಒಂದೊಂದು ತುದಿಗೂ ಎರಡೆರಡು ಸ್ವಿಚ್ಚುಗಳಿದ್ದು, ಮೇಲಿನದು ಬ್ಯಾಟರಿಯ ಧನಾಗ್ರಕ್ಕೂ ಕೆಳಗಿನದು ಋಣಾಗ್ರಕ್ಕೂ ಸೇರಿರುತ್ತವೆ. ಎಡಗಡೆಯ ಮೇಲಿನದನ್ನೂ ಬಲಗಡೆಯ ಕೆಳಗಿನದನ್ನೂ ಮುಚ್ಚಿದರೆ ಪ್ರವಾಹವು ಒಂದು ದಿಕ್ಕಿಗೆ, ಇನ್ನೆರಡನ್ನು ಮುಚ್ಚಿದರೆ ಎದುರು ದಿಕ್ಕಿಗೆ ಹರಿಯುತ್ತದೆ. ನಕ್ಷೆಯಲ್ಲಿ ಬರೆದಾಗ ಇಂಗ್ಲಿಷಿನ ಎಚ್ ಅಕ್ಷರದಂತೆ ತೋರುವುದರಿಂದ ಇದಕ್ಕೆ ಎಚ್ ಬ್ರಿಡ್ಜ್ ಎಂಬ ಹೆಸರು ಬಂದಿದೆ. ಒಂದೇ ಪಕ್ಕದ ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳೆರಡೂ ಕ್ಷಣಕಾಲ ಒಟ್ಟಿಗೆ ಮುಚ್ಚಿದರೂ ಬ್ಯಾಟರಿಯ ಎರಡು ತುದಿಗಳು ನೇರವಾಗಿ ಸಂಧಿಸಿ ಸ್ವಿಚ್ಚುಗಳು ಸುಟ್ಟುಹೋಗುತ್ತವೆ. ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಸಂಸ್ಥೆಯ ಎಲ್ 298 ಎಂಬ ಚಿಪ್ಪಿನಲ್ಲಿ ಇಂಥ ಎರಡು ಸೇತುವೆಗಳಿದ್ದು, ಪ್ರತಿಯೊಂದು ಪಕ್ಕವನ್ನೂ ಒಂದೇ ಒಂದು ಆಜ್ಞಾಪಿನ್ನು ಆಳುವುದರಿಂದ, ಆ ಪಿನ್ನು ಉಚ್ಚಸ್ಥಿತಿಯಲ್ಲಿದ್ದಾಗ ಮೇಲಿನ ಸ್ವಿಚ್ಚು, ನೀಚಸ್ಥಿತಿಯಲ್ಲಿದ್ದಾಗ ಕೆಳಗಿನದು ಮುಚ್ಚಿಕೊಳ್ಳುವಂತೆ ರಚನೆಯಾಗಿದೆ. ಎರಡಕ್ಕೂ ಏಕಕಾಲದಲ್ಲಿ ಆಜ್ಞೆ ಕೊಡುವ ಅವಕಾಶವೇ ನಮಗಿಲ್ಲ. ಆರನೆಯ ತರಗತಿಯಿಂದ ಮೇಲಿನ ಮಕ್ಕಳಿಗಾಗಿ ತೆರೆದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಂಥ ಕಡೆಗಳಲ್ಲಿ, ಎಳೆಯ ಕೈಗಳು ಇದನ್ನು ಮುಟ್ಟುವಾಗ, ಇದು ದೊಡ್ಡ ರಕ್ಷಣೆಯೇ ಸರಿ.

ಈ ಚಿಪ್ಪು ಇಂದಿನ ಮಾನದಿಂದ ಹಳೆಯದು. ಇದರ ಸ್ವಿಚ್ಚುಗಳು ಹಳೆಯ ಬಗೆಯ ದ್ವಿಧ್ರುವ ಟ್ರಾನ್ಸಿಸ್ಟರುಗಳಾದುದರಿಂದ ಒಂದು ಆಂಪಿಯರು ಹರಿಯುವಾಗ ಮೇಲಿನ ಹಾಗೂ ಕೆಳಗಿನ ಸ್ವಿಚ್ಚುಗಳೆರಡರಲ್ಲಿ ಸೇರಿ 1.8ರಿಂದ 3.2 ವೋಲ್ಟಿನವರೆಗೂ, ಎರಡು ಆಂಪಿಯರು ಹರಿಯುವಾಗ 4.9 ವೋಲ್ಟಿನವರೆಗೂ ಕಳೆದುಹೋಗಬಹುದೆಂದು ತಯಾರಕರ ವಿವರಪತ್ರವೇ ಹೇಳುತ್ತದೆ. ಆರು ವೋಲ್ಟಿನ ಬ್ಯಾಟರಿಯನ್ನು ಕೊಟ್ಟು, ಮೋಟಾರಿಗೆ ಆರು ವೋಲ್ಟು ದೊರೆತೀತೆಂದು ನಿರೀಕ್ಷಿಸಿದವನಿಗೆ ನಾಲ್ಕು ಸಿಕ್ಕರೆ ಹೆಚ್ಚು. ಉಳಿದುದು ಶಾಖವಾಗಿ, ಚಿಪ್ಪಿನ ಬೆನ್ನಿಗೆ ಬಿಗಿದ ಅಲ್ಯೂಮಿನಿಯಮ್ ರೆಕ್ಕೆಗಳ ಮೂಲಕ ಗಾಳಿಗೆ ಸೇರುತ್ತದೆ. ತೋಷಿಬಾ ಸಂಸ್ಥೆಯ ಟಿಬಿ 6612 ಎಂಬ ಚಿಕ್ಕ ಚಿಪ್ಪಿನಲ್ಲಿ ಮಾಸ್‌ಫೆಟ್ ಸ್ವಿಚ್ಚುಗಳಿದ್ದು, ಅವುಗಳ ಒಟ್ಟು ರೋಧವು ಸುಮಾರು ಅರ್ಧ ಓಮ್ ಮಾತ್ರ. ಒಂದು ಆಂಪಿಯರಿಗೆ ಕಳೆಯುವುದು ಅರ್ಧ ವೋಲ್ಟು. ಹಾಗಿದ್ದರೂ ಕಲಿಕೆಯ ಮೊದಲ ಮೆಟ್ಟಿಲಾಗಿ ನಾನು ಎಲ್ 298ನ್ನೇ ಆರಿಸುತ್ತೇನೆ. ಅದು ಒಂದೊಂದು ಮೋಟಾರಿಗೂ ಎರಡು ಆಂಪಿಯರಿನಷ್ಟನ್ನು ತಾಳಬಲ್ಲದು; ಅದನ್ನು ಕೂರಿಸಿದ ಸಿದ್ಧ ಬೋರ್ಡಿನ, ಅಂದರೆ ಮಾಡ್ಯೂಲಿನ, ಮೇಲೆ ತಿರುಪುಗಳಿಂದ ತಂತಿ ಬಿಗಿಯುವ ವ್ಯವಸ್ಥೆಯಿದೆ; ಎಲ್ಲಕ್ಕಿಂತ ಮಿಗಿಲಾಗಿ, ಅದರ ಅಂಗಾಂಗಗಳೆಲ್ಲವೂ ಕಣ್ಣಿಗೆ ಕಾಣುವಂತಿದ್ದು, ಯಾವುದು ಯಾವ ಕೆಲಸಕ್ಕೆಂದು ಬೆರಳಿಟ್ಟು ತೋರಿಸಬಹುದು.

ಹಾಗೆ ತೋರಿಸತಕ್ಕವುಗಳಲ್ಲಿ ಮೊದಲನೆಯವು ಎಂಟು ಡಯೋಡುಗಳು. ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಸ್ವಿಚ್ಚು ತೆರೆದರೂ ಅದೇ ದಿಕ್ಕಿನಲ್ಲಿ ಮುಂದುವರಿಯಲು ಹವಣಿಸುವ ಅದು, ದಾರಿ ಸಿಗದಿದ್ದಲ್ಲಿ, ದಾರಿಯನ್ನು ಭೇದಿಸಿಕೊಳ್ಳುವಷ್ಟು ಉನ್ನತವಾದ ವೋಲ್ಟೇಜನ್ನು ಸೃಷ್ಟಿಸುತ್ತದೆ. ಪ್ರವಾಹವು ಬದಲಾಗುವ ವೇಗವು ಹೆಚ್ಚಿದಷ್ಟೂ ಆ ವೋಲ್ಟೇಜೂ ಹೆಚ್ಚು. ಎಲ್ 298 ಚಿಪ್ಪಿನೊಳಗೆ ಇದಕ್ಕೆ ಯಾವ ರಕ್ಷಣೆಯೂ ಇಲ್ಲವಾದ ಕಾರಣ, ಮಾಡ್ಯೂಲನ್ನು ರಚಿಸಿದವರು ಪ್ರತಿಯೊಂದು ಸ್ವಿಚ್ಚಿಗೂ ವಿರುದ್ಧಮುಖವಾಗಿ ಒಂದೊಂದು ಡಯೋಡನ್ನು ಹೊರಗಿನಿಂದ ಇರಿಸಿ, ಅನಾಥವಾದ ಆ ಪ್ರವಾಹವು ಸುರಕ್ಷಿತವಾಗಿ ಬ್ಯಾಟರಿಯ ಕಡೆಗೆ ಹಿಂದಿರುಗುವಂತೆ ಮಾಡಿದ್ದಾರೆ. ಆದುದರಿಂದ ಬರಿಯ ಚಿಪ್ಪನ್ನು ಕೊಂಡು ತಾನೇ ಬೋರ್ಡು ಕಟ್ಟುವವನು ಈ ಎಂಟನ್ನು ಮರೆಯಕೂಡದು.

ಇನ್ನು ತಂತಿಗಳ ಜೋಡಣೆ. ಇದರಲ್ಲಿ ಅತ್ಯಂತ ಮುಖ್ಯವೂ ಅತ್ಯಂತ ಅಲಕ್ಷಿತವೂ ಆದ ತಂತಿಯೆಂದರೆ ಮಾಡ್ಯೂಲಿನ ಗ್ರೌಂಡನ್ನು ಆರ್ಡುಯಿನೊ ಬೋರ್ಡಿನ ಗ್ರೌಂಡಿಗೆ ಸೇರಿಸುವ ತಂತಿ. ಮೋಟಾರಿಗೆ ಒಂದು ಬ್ಯಾಟರಿ, ಬೋರ್ಡಿಗೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಕೊಟ್ಟಾಗ, ಎರಡಕ್ಕೂ ಸಂಬಂಧವೇ ಬೇಡವೆಂದು ಅನೇಕರು ಭಾವಿಸುತ್ತಾರೆ. ಆದರೆ ವೋಲ್ಟೇಜೆಂಬುದು ಎರಡು ಬಿಂದುಗಳ ನಡುವಣ ಅಂತರವೇ ಹೊರತು ಒಂದೇ ಬಿಂದುವಿನ ಗುಣವಲ್ಲ. ಎಲ್ 298ರ ಆಜ್ಞಾಪಿನ್ನು 1.5 ವೋಲ್ಟಿಗಿಂತ ಕೆಳಗಿರುವುದನ್ನು ನೀಚವೆಂದೂ 2.3 ವೋಲ್ಟಿಗಿಂತ ಮೇಲಿರುವುದನ್ನು ಉಚ್ಚವೆಂದೂ ಗ್ರಹಿಸುತ್ತದೆ. ಯಾವುದಕ್ಕಿಂತ ಮೇಲೆ, ಯಾವುದಕ್ಕಿಂತ ಕೆಳಗೆ ಎಂಬುದಕ್ಕೆ ಉಭಯರಿಗೂ ಸಮಾನವಾದ ನೆಲೆಯೊಂದಿಲ್ಲದಿದ್ದರೆ ಆಜ್ಞೆಯು ಅರ್ಥಹೀನವಾಗುತ್ತದೆ. ಮೋಟಾರು ಒಮ್ಮೆ ತಿರುಗಿ, ಒಮ್ಮೆ ನಡುಗಿ, ಒಮ್ಮೆ ಸುಮ್ಮನಾಗುವ ರೋಬಾಟನ್ನು ಕಂಡಾಗ ಮೊಟ್ಟಮೊದಲು ಪರಿಶೀಲಿಸತಕ್ಕದ್ದು ಇದನ್ನೇ.

ಎರಡನೆಯ ಗೊಂದಲವು 5 ವೋಲ್ಟಿನ ತಿರುಪಿನದು. ಮಾಡ್ಯೂಲಿನ ಮೇಲಿರುವ ಪುಟ್ಟ ಜಂಪರನ್ನು ಅದರ ಸ್ಥಾನದಲ್ಲಿಯೇ ಬಿಟ್ಟರೆ, ಅಲ್ಲಿಯೇ ಇರುವ ನಿಯಂತ್ರಿತ ವೋಲ್ಟೇಜಿನ ಚಿಪ್ಪು ಮೋಟಾರಿನ ಬ್ಯಾಟರಿಯಿಂದ 5 ವೋಲ್ಟನ್ನು ತಯಾರಿಸಿಕೊಳ್ಳುತ್ತದೆ. ಆಗ ಆ ತಿರುಪು ವಿದ್ಯುತ್ತನ್ನು ಹೊರಕ್ಕೆ ಕೊಡುತ್ತದೆ. ಜಂಪರನ್ನು ಕಿತ್ತರೆ ಅದೇ ತಿರುಪಿನ ಮೂಲಕ ಹೊರಗಿನಿಂದ 5 ವೋಲ್ಟನ್ನು ಒಳಕ್ಕೆ ಕೊಡಬೇಕಾಗುತ್ತದೆ. ಕೊಡುವ ಸ್ಥಿತಿಯಲ್ಲಿರುವಾಗ ಅದಕ್ಕೆ ಇನ್ನೊಂದು ಕಡೆಯಿಂದಲೂ 5 ವೋಲ್ಟನ್ನು ತಂದು ಸೇರಿಸುವುದು ಎರಡು ಮೂಲಗಳನ್ನು ಪರಸ್ಪರ ಎದುರಿಸಿ ನಿಲ್ಲಿಸಿದಂತೆ. ಮೋಟಾರಿನ ಬ್ಯಾಟರಿಯು 12 ವೋಲ್ಟನ್ನು ಮೀರಿದರೆ ಜಂಪರನ್ನು ಕಿತ್ತೇ ತೀರಬೇಕು. ಸುಮಾರು 7 ವೋಲ್ಟಿಗಿಂತ ಕಡಿಮೆಯಿದ್ದರೆ ಆ ಚಿಪ್ಪಿನಿಂದ ಸರಿಯಾದ 5 ವೋಲ್ಟು ಬರುವುದೇ ಇಲ್ಲವಾದುದರಿಂದ, ನಾಲ್ಕು ಸಾಧಾರಣ ಸೆಲ್ಲುಗಳ 6 ವೋಲ್ಟನ್ನು ನಂಬಿ ಆರ್ಡುಯಿನೊವನ್ನು ಅಲ್ಲಿಂದ ಪೋಷಿಸಲಾಗದು.

ಬ್ಯಾಟರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಆಯತಾಕಾರದ 9 ವೋಲ್ಟಿನ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸಲೇಬಾರದು. ಅದರ ಆಂತರಿಕ ರೋಧವು ಅಧಿಕವಾದುದರಿಂದ ಮೋಟಾರು ಹೊರಡುವ ಮೊದಲ ಕ್ಷಣದಲ್ಲಿಯೇ ವೋಲ್ಟೇಜು ಕುಸಿದು, ಅದೇ ಬ್ಯಾಟರಿಯನ್ನು ಆಶ್ರಯಿಸಿದ ಆರ್ಡುಯಿನೊ ತನ್ನ ಪ್ರೋಗ್ರಾಮನ್ನು ಮೊದಲಿನಿಂದ ಆರಂಭಿಸುತ್ತದೆ. ಮತ್ತೆ ಮೋಟಾರಿಗೆ ಆಜ್ಞೆ, ಮತ್ತೆ ಕುಸಿತ. ಈ ಆವರ್ತವನ್ನು ಪ್ರೋಗ್ರಾಮಿನ ದೋಷವೆಂದು ತಿಳಿದು ಸಾಲುಸಾಲನ್ನೂ ತಿದ್ದುತ್ತ ಕುಳಿತ ಮಕ್ಕಳನ್ನು ಕಂಡು ನನ್ನ ಮನಸ್ಸು ಮರುಗಿದೆ. 18650 ಎಂಬ ಅಳತೆಯ ಲಿಥಿಯಮ್ ಸೆಲ್ಲುಗಳನ್ನು ಎರಡು ಸರಣಿಯಲ್ಲಿ ಇಟ್ಟರೆ 7.4 ವೋಲ್ಟು, ಪೂರ್ಣ ತುಂಬಿದಾಗ 8.4 ವೋಲ್ಟು ದೊರೆಯುತ್ತದೆ. ಎಲ್ 298ರಲ್ಲಿ ಕಳೆದು ಮೋಟಾರಿಗೆ ಉಳಿಯುವುದು ಅದಕ್ಕೆ ಹಿತವಾದಷ್ಟೇ. ಆದರೆ ಈ ಸೆಲ್ಲುಗಳು ಶಾರ್ಟ್ ಆದಾಗ ಬೆಂಕಿ ಹುಟ್ಟಿಸುವಷ್ಟು ಪ್ರವಾಹವನ್ನು ಸುರಿಸಬಲ್ಲವಾದ್ದರಿಂದ, ಧನಾಗ್ರದ ತಂತಿಯಲ್ಲಿ ಒಂದು ಫ್ಯೂಸ್ ಮತ್ತು ಒಂದು ಸ್ವಿಚ್ಚು ಕಡ್ಡಾಯ. ಮೋಟಾರಿನ ಎರಡು ತುದಿಗಳಿಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪಾಸಿಟರೊಂದನ್ನು ಬೆಸುಗೆ ಹಾಕಿ, ಅಲ್ಲಿಂದ ಹೊರಡುವ ತಂತಿಗಳೆರಡನ್ನೂ ಹುರಿಗೊಳಿಸಿದರೆ, ಬ್ರಷ್ಷುಗಳ ಕಿಡಿಯಿಂದ ಹುಟ್ಟುವ ವಿದ್ಯುದ್ಗದ್ದಲವು ಬಹುಮಟ್ಟಿಗೆ ಅಲ್ಲಿಯೇ ಅಡಗುತ್ತದೆ. ಇಷ್ಟೆಲ್ಲ ಆದಮೇಲೆ, ಚಕ್ರಗಳು ನೆಲಕ್ಕೆ ತಾಗದಂತೆ ರೋಬಾಟನ್ನು ಎತ್ತಿರಿಸಿ, ಮೊದಲ ಆಜ್ಞೆಯನ್ನು ಕೊಡುವುದು ವಿವೇಕ.

ವೇಗದ ನಿಯಂತ್ರಣದಲ್ಲಿ ಹಳೆಯ ಕಾಲದ ಇಂಜಿನಿಯರರಿಗಿದ್ದ ಸುಲಭಮಾರ್ಗವೆಂದರೆ ಮೋಟಾರಿನ ಸರಣಿಯಲ್ಲಿ ರೋಧಕಗಳನ್ನು ಸೇರಿಸುವುದು. ಟ್ರಾಮುಗಾಡಿಗಳು ಹೀಗೆಯೇ ಓಡಿದವು, ಮತ್ತು ಮೋಟಾರಿಗೆ ಬೇಡವಾದ ಶಕ್ತಿಯೆಲ್ಲವನ್ನೂ ಶಾಖವಾಗಿ ಚೆಲ್ಲಿದವು. ಇಂದಿನ ವಿಧಾನದಲ್ಲಿ ಸ್ವಿಚ್ಚು ಪೂರ್ತಿಯಾಗಿ ತೆರೆದಿರುತ್ತದೆ ಅಥವಾ ಪೂರ್ತಿಯಾಗಿ ಮುಚ್ಚಿರುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಕ್ರಿಯೆಯಲ್ಲಿ ಮುಚ್ಚಿರುವ ಕಾಲದ ಪ್ರಮಾಣವನ್ನು ಹೆಚ್ಚಿಸಿ ತಗ್ಗಿಸಿ ವೇಗವನ್ನು ಆಳಲಾಗುತ್ತದೆ. ಕುಂಬಾರನು ತನ್ನ ತಿಗರಿಯನ್ನು ಕೋಲಿನಿಂದ ಆಗೊಮ್ಮೆ ಈಗೊಮ್ಮೆ ತಿರುವಿದರೂ ಅದು ತನ್ನ ಭಾರದ ಬಲದಿಂದ ಒಂದೇ ಸಮನೆ ತಿರುಗುವಂತೆ, ಈ ಬಿಡಿಬಿಡಿಯಾದ ತಳ್ಳುವಿಕೆಗಳನ್ನು ಸುರುಳಿಯ ಪ್ರೇರಕತ್ವವೂ ಚಕ್ರದ ಜಡತ್ವವೂ ಸೇರಿ ಸಮಗತಿಯಾಗಿ ಮಾರ್ಪಡಿಸುತ್ತವೆ. ಪಿಡಬ್ಲ್ಯುಎಂ ಎಂಬ ಮೂರಕ್ಷರದ ಸಂಕೇತದಿಂದ ಹವ್ಯಾಸಿಗಳೆಲ್ಲರಿಗೂ ಪರಿಚಿತವಾದ ವಿಧಾನವು ಇದೇ. ಆರ್ಡುಯಿನೊ ಊನೊದಲ್ಲಿ ಈ ಪ್ರಮಾಣವನ್ನು 0ಯಿಂದ 255ರ ವರೆಗಿನ ಸಂಖ್ಯೆಯಿಂದ ಸೂಚಿಸಬೇಕು; 5 ಮತ್ತು 6ನೆಯ ಪಿನ್ನುಗಳಲ್ಲಿ ಇದರ ಆವರ್ತನವು ಸುಮಾರು 980 ಹರ್ಟ್ಸ್, 3, 9, 10 ಮತ್ತು 11ರಲ್ಲಿ 490 ಹರ್ಟ್ಸ್. ನಿಧಾನವಾಗಿ ಚಲಿಸುವ ರೋಬಾಟಿನಿಂದ ಕೇಳಿಬರುವ ಸಣ್ಣ ಸಿಳ್ಳಿನಂಥ ನಾದಕ್ಕೆ ಈ ಆವರ್ತನವೇ ಕಾರಣ. ಸರ್ವೊ ಮೋಟಾರಿಗಾಗಿ ಬರೆದ ಸಿದ್ಧ ಲೈಬ್ರರಿಯನ್ನು ಅದೇ ಪ್ರೋಗ್ರಾಮಿನಲ್ಲಿ ಬಳಸಿದರೆ 9 ಮತ್ತು 10ನೆಯ ಪಿನ್ನುಗಳ ಪಿಡಬ್ಲ್ಯುಎಂ ನಿಂತುಹೋಗುತ್ತದೆ. ಕೈಯೊಂದನ್ನು ಸೇರಿಸಿದ ಕೂಡಲೇ ರೋಬಾಟಿನ ಕಾಲು ಹದ ತಪ್ಪುವುದು ಇದರಿಂದಲೇ.

ಪಿಡಬ್ಲ್ಯುಎಂ ಆಜ್ಞೆಯನ್ನು ಯಾವ ಪಿನ್ನಿಗೆ ಕೊಡಬೇಕೆಂಬುದು ಮೇಲ್ನೋಟಕ್ಕೆ ಅನುಕೂಲದ ಪ್ರಶ್ನೆಯೆಂದು ತೋರಿದರೂ ವಾಸ್ತವವಾಗಿ ಅದು ಮೋಟಾರಿನ ಪ್ರತ್ಯುತ್ತರವನ್ನು ಏನು ಮಾಡಬೇಕೆಂಬ ಪ್ರಶ್ನೆ. ಸೇತುವೆಯನ್ನೇ ಜಾಗೃತಗೊಳಿಸುವ ಎನೇಬಲ್ ಪಿನ್ನಿಗೆ ಅದನ್ನು ಕೊಟ್ಟರೆ, ಬಿಡುವಿನ ಕಾಲದಲ್ಲಿ ನಾಲ್ಕು ಸ್ವಿಚ್ಚುಗಳೂ ತೆರೆದು ಸುರುಳಿಯ ಪ್ರವಾಹವು ಡಯೋಡುಗಳ ಮೂಲಕ ಬೇಗನೆ ಇಳಿದುಹೋಗುತ್ತದೆ; ಮೋಟಾರು ತನ್ನಷ್ಟಕ್ಕೆ ಉರುಳುತ್ತದೆ. ಎನೇಬಲನ್ನು ಉಚ್ಚದಲ್ಲಿಯೇ ಇರಿಸಿ, ದಿಕ್ಕಿನ ಪಿನ್ನುಗಳಲ್ಲೊಂದಕ್ಕೆ ಕೊಟ್ಟರೆ, ಬಿಡುವಿನ ಕಾಲದಲ್ಲಿ ಮೋಟಾರಿನ ಎರಡು ತುದಿಗಳೂ ಒಂದೇ ನೆಲೆಗೆ ಸೇರಿ, ಅದು ಉತ್ಪಾದಿಸುವ ವೋಲ್ಟೇಜೇ ಅದರ ಚಲನೆಯನ್ನು ತಡೆಯುವ ಪ್ರವಾಹವನ್ನು ಹರಿಸುತ್ತದೆ. ಬ್ರೇಕು ಎಂದರೆ ಇದೇ. ಮೊದಲನೆಯದರಲ್ಲಿ ಹಗುರವಾದ ಓಟವೂ, ಎರಡನೆಯದರಲ್ಲಿ ಆಜ್ಞೆಗೆ ಹೆಚ್ಚು ಅನುರೂಪವಾದ ವೇಗವೂ ಲಭಿಸುತ್ತವೆ. ಗೆರೆಯನ್ನು ಅನುಸರಿಸಿ ಸಾಗುವ ರೋಬಾಟಿಗೆ ನಾನು ಎರಡನೆಯದನ್ನೇ ಮೆಚ್ಚುವೆನು.

ಹೊಂದಾಣಿಕೆಯಲ್ಲಿ ಇನ್ನು ಮೂರು ವಿಷಯಗಳಿವೆ. ಪಿಡಬ್ಲ್ಯುಎಂ ಸಂಖ್ಯೆಯು ಸಣ್ಣದಾಗಿರುವಾಗ ಮೋಟಾರು ಗುಂಯ್‌ಗುಡುವುದೇ ಹೊರತು ಘರ್ಷಣೆಯನ್ನು ಗೆದ್ದು ಹೊರಡುವುದಿಲ್ಲ. ಹೊರಡಲು ಬೇಕಾದ ಕನಿಷ್ಠ ಸಂಖ್ಯೆಯನ್ನು ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಅಳೆದು, ಪ್ರೋಗ್ರಾಮಿನ ವೇಗದ ಮಾನವನ್ನು ಅಲ್ಲಿಂದ ಆರಂಭಿಸಬೇಕು. ವೇಗದ ಬದಲಾವಣೆಯು ಮೆಟ್ಟಿಲಾಗಿರದೆ ಇಳಿಜಾರಾಗಿರಬೇಕು. ಮುಂದಿನಿಂದ ಹಿಂದಕ್ಕೆ ಹೋಗುವಾಗ ಸೊನ್ನೆಯನ್ನು ಹಾಯ್ದು, ಅಲ್ಲಿ ಕ್ಷಣಕಾಲ ನಿಂತು ಹೋಗುವಂತೆ ಬರೆದರೆ, ಮೊದಲು ಲೆಕ್ಕ ಹಾಕಿದ ಆ 2.8 ಆಂಪಿಯರು ಎಂದಿಗೂ ಹುಟ್ಟುವುದಿಲ್ಲ. ದೂರದಿಂದ ಆಳುವ ರೋಬಾಟಿಗಂತೂ, ನಿಗದಿಯಾದ ಕಾಲದೊಳಗೆ ಹೊಸ ಆಜ್ಞೆ ಬಾರದಿದ್ದರೆ ತಾನಾಗಿ ನಿಲ್ಲುವ ಏರ್ಪಾಡು ಇರಲೇಬೇಕು. ಇದಿಲ್ಲದ ಭಾರವಾದ ರೋಬಾಟನ್ನು ಮಕ್ಕಳ ನಡುವೆ ಬಿಡುವುದು ಅಪರಾಧವೆಂದೇ ನನ್ನ ಭಾವನೆ. ದೊಡ್ಡ ಮೋಟಾರುಗಳಿಗೆ ಬಳಸುವ ಸೇಬರ್‌ಟೂತ್‌ನಂಥ ನಿಯಂತ್ರಕಗಳಲ್ಲಿ ಹಲವು ಆಯ್ಕೆಗಳನ್ನು ಪುಟ್ಟ ಸ್ವಿಚ್ಚುಗಳ ಸಾಲಿನಿಂದಲೇ ಮಾಡಿಕೊಳ್ಳಬಹುದು: ರೇಡಿಯೊ ಗ್ರಾಹಕದ 1ರಿಂದ 2 ಮಿಲಿಸೆಕೆಂಡಿನ, ಒಂದೂವರೆಯಲ್ಲಿ ನಿಶ್ಚಲವಾಗುವ ಮಿಡಿತಗಳಿಗೆ ಕಿವಿಗೊಡಬೇಕೇ, ಸರಣಿ ಸಂದೇಶಗಳಿಗೆ ಕಿವಿಗೊಡಬೇಕೇ, ಲಿಥಿಯಮ್ ಸೆಲ್ಲು ಬರಿದಾಗುತ್ತ ಬಂದಾಗ ಮೋಟಾರನ್ನು ನಿಲ್ಲಿಸಬೇಕೇ ಎಂಬಿವೇ ಮೊದಲಾದುವು. ಬ್ರೇಕು ಹಾಕಿದಾಗ ಮೋಟಾರು ಉತ್ಪಾದಿಸಿದ ಶಕ್ತಿಯನ್ನು ಬ್ಯಾಟರಿಗೇ ಹಿಂದಿರುಗಿಸುವ ಇಂಥ ನಿಯಂತ್ರಕಗಳನ್ನು ಬ್ಯಾಟರಿಯಿಲ್ಲದೆ, ಮೇಜಿನ ಮೇಲಿನ ವಿದ್ಯುನ್ಮೂಲವೊಂದರಿಂದಲೇ ನಡೆಸುವುದು ಅಪಾಯಕರ. ಹಿಂದಿರುಗಿದ ಶಕ್ತಿಯನ್ನು ಸ್ವೀಕರಿಸುವವರಿಲ್ಲದೆ ವೋಲ್ಟೇಜು ಏರಿ ನಿಯಂತ್ರಕವೇ ಹಾಳಾದೀತು.

ಒಂದೇ ಸಂಖ್ಯೆಯನ್ನು ಎರಡು ಮೋಟಾರುಗಳಿಗೆ ಕೊಟ್ಟರೂ ಅವು ಒಂದೇ ವೇಗದಲ್ಲಿ ತಿರುಗುವುದಿಲ್ಲವಾದುದರಿಂದ, ನೇರವಾಗಿ ಸಾಗಬೇಕಾದ ರೋಬಾಟು ಒಂದು ಕಡೆಗೆ ಎಳೆಯುತ್ತದೆ. ಚಕ್ರದ ಅಕ್ಷಕ್ಕೆ ಎನ್‌ಕೋಡರನ್ನು ಜೋಡಿಸಿ ಸುತ್ತುಗಳನ್ನು ಎಣಿಸುವುದು ಇದಕ್ಕೆ ಪ್ರಸಿದ್ಧ ಪರಿಹಾರ. ಆದರೆ ಮೋಟಾರಿನ ಪ್ರತ್ಯುತ್ತರವು ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ, ಆ ವೋಲ್ಟೇಜನ್ನೇ ಓದಿ ವೇಗವನ್ನು ತಿಳಿಯುವ ಇನ್ನೊಂದು ಸೊಗಸಾದ ಉಪಾಯವಿದೆ. ಆಟಿಕೆಯ ರೈಲುಗಳ ನಿಯಂತ್ರಕಗಳು ಇದನ್ನು ಬಹುಕಾಲದಿಂದ ಬಳಸುತ್ತ ಬಂದಿವೆ. ಎನೇಬಲ್ ಪಿನ್ನನ್ನು ನೀಚಸ್ಥಿತಿಗೆ ತಂದು, ಸುರುಳಿಯಲ್ಲಿ ಉಳಿದ ಪ್ರವಾಹವು ಡಯೋಡುಗಳ ಮೂಲಕ ಸಂಪೂರ್ಣವಾಗಿ ಇಳಿಯುವವರೆಗೆ ಕಾದು, ಬಳಿಕ ಮೋಟಾರಿನ ತುದಿಗಳ ನಡುವಣ ವೋಲ್ಟೇಜನ್ನು, ಆರ್ಡುಯಿನೊ ತಾಳಬಲ್ಲ 5 ವೋಲ್ಟಿನೊಳಕ್ಕೆ ರೋಧಕಗಳಿಂದ ತಗ್ಗಿಸಿ ಅಳೆದು, ಒಡನೆಯೇ ಸೇತುವೆಯನ್ನು ಪುನಃ ಜಾಗೃತಗೊಳಿಸಬೇಕು. ಊನೊದ ಅಳತೆಯ ಪಿನ್ನು 5 ವೋಲ್ಟನ್ನು 1024 ಭಾಗಗಳಾಗಿ ವಿಂಗಡಿಸುವುದರಿಂದ ಸುಮಾರು 5 ಮಿಲಿವೋಲ್ಟಿನಷ್ಟು ಸೂಕ್ಷ್ಮವಾದ ವ್ಯತ್ಯಾಸವೂ ಗೋಚರಿಸುತ್ತದೆ. ಬೇಗ ಓದಿದರೆ ಡಯೋಡಿನ ವೋಲ್ಟೇಜನ್ನೇ ವೇಗವೆಂದು ಭ್ರಮಿಸುವೆವು. ತಡಮಾಡಿದರೆ ಆ ಬಿಡುವಿನಲ್ಲಿ ಮೋಟಾರಿನ ಬಲವು ಕುಗ್ಗುತ್ತದೆ. ತಕ್ಕ ಕಾಲವನ್ನು ಆಯಾ ಮೋಟಾರಿನ ಮೇಲೆಯೇ ಪ್ರಯೋಗದಿಂದ ಗೊತ್ತುಪಡಿಸಿಕೊಳ್ಳಬೇಕು. ವೇಗವು ತಗ್ಗಿದಷ್ಟೂ ಈ ವೋಲ್ಟೇಜೂ ತಗ್ಗಿ ಬ್ರಷ್ಷುಗಳ ಗದ್ದಲದಲ್ಲಿ ಬೆರೆತುಹೋಗುವುದರಿಂದ, ತೆವಳುವಷ್ಟು ನಿಧಾನವಾಗಿ ಚಲಿಸಬೇಕಾದ ರೋಬಾಟಿಗೆ ಎನ್‌ಕೋಡರೇ ಬೇಕು. ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ನೇರವಾಗಿ ಓಡಬೇಕಾದುದಕ್ಕಾದರೆ ಈ ಉಪಾಯಕ್ಕೆ ಕೆಲವು ರೋಧಕಗಳೂ ಪ್ರೋಗ್ರಾಮಿನ ಹತ್ತಾರು ಸಾಲುಗಳೂ ಸಾಕು.